ಅಮ್ಮನ ಸನ್ನೆಗಳು ಎಲ್ಲಿಂದ ಬಂದವು

ನಮ್ಮ ಕಚೇರಿಯಲ್ಲಿ ಅವರಿಗೆ ಕೈಮಾತಿನ ಮೇಡಂ ಅಂತಲೇ ಹೆಸರು. ಕಾರ್ಮಿಕರ ದೂರುಗಳ ವಿಚಾರಣೆ ನಡೆಯುವ ಕೋಣೆ ನಮ್ಮದು. ನಾನು ಅಲ್ಲಿನ ಟೈಪಿಸ್ಟ್. ಅಲ್ಲಿ ಯಾರು ಬಾಯಿ ಬಿಟ್ಟರೂ ಅದು ನನ್ನ ಬೆರಳುಗಳಿಂದ ಕಾಗದಕ್ಕೆ ಇಳಿಯಬೇಕು. ಕಿವಿ ಕೇಳದವರು ಯಾರಾದರೂ ದೂರು ತಂದ ದಿನ ಮೇಡಂ ಬರುತ್ತಿದ್ದರು. ಗಾಢ ನೀಲಿಯೋ ಕಪ್ಪೋ ಒಂದೇ ಬಣ್ಣದ ಬಟ್ಟೆ, ಕೈಗೆ ಬಳೆಯಿಲ್ಲ, ಉಂಗುರವಿಲ್ಲ. ಬಟ್ಟೆಯ ಮೇಲೆ ಹೂವಿನ ಚಿತ್ತಾರ ಇದ್ದರೆ ನೋಡುವವರ ಕಣ್ಣಿಗೆ ಬೆರಳುಗಳು ಹೂವಿನ ಸಂದಿಯಲ್ಲಿ ಕಳೆದುಹೋಗುತ್ತವಂತೆ. ಅಧಿಕಾರಿಗಳ ಮೇಜಿನ ಎಡಕ್ಕೆ, ಕಿಟಕಿಯ ಬೆಳಕು ಮುಖದ ಮೇಲೆ ಬೀಳುವ ಜಾಗದಲ್ಲಿ ಅವರು ನಿಲ್ಲುತ್ತಿದ್ದರು. ಬಾಯಿಂದ ಬಂದದ್ದನ್ನು ಕೈಗೆ, ಕೈಯಿಂದ ಬಂದದ್ದನ್ನು ಬಾಯಿಗೆ ದಾಟಿಸುವುದು ಅವರ ಕೆಲಸ. ಹತ್ತೊಂಬತ್ತು ವರ್ಷ ಅದನ್ನೇ ಮಾಡಿದ್ದರು.

ಅವರ ತಂದೆ ತಾಯಿ ಇಬ್ಬರಿಗೂ ಕಿವಿ ಕೇಳುತ್ತಿರಲಿಲ್ಲ. ಮಕ್ಕಳಿಬ್ಬರಿಗೂ ಕೇಳುತ್ತಿತ್ತು. ಹಾಗಾಗಿ ಅವರು ಮೊದಲು ಕಲಿತದ್ದು ಕೈಯ ಭಾಷೆ, ಬಾಯಿಯ ಭಾಷೆ ಆಮೇಲೆ. ಚಿಕ್ಕವರಿದ್ದಾಗ ಅಣ್ಣನೂ ಅವರೂ ಅಮ್ಮನ ಬೆನ್ನ ಹಿಂದೆಯೇ ನಿಂತು ಗಂಟಲು ಹರಿಯುವಂತೆ ಜಗಳಾಡುತ್ತಿದ್ದರಂತೆ, ಅಮ್ಮ ತಿರುಗಿದ ತಕ್ಷಣ ಇಬ್ಬರ ಮುಖದಲ್ಲೂ ನಗು. ಅಪ್ಪ ಬಡಗಿ, ತೀರಿಹೋಗಿ ಬಹಳ ಕಾಲವಾಗಿತ್ತು. ಅಮ್ಮ ಪುಸ್ತಕಕ್ಕೆ ರಟ್ಟು ಕಟ್ಟುವ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾಗಿ ಮಗಳ ಜೊತೆಗೇ ಇದ್ದರು. ಅಣ್ಣ ಬಸ್ ಡ್ರೈವರ್, ಎರಡು ಬೀದಿ ಆಚೆಗೆ ಅವರ ಮನೆ.

ಇದೆಲ್ಲ ನನಗೆ ಗೊತ್ತಾದದ್ದು ಒಂದು ತಪ್ಪಿನಿಂದ.

ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯೊಂದರ ಕೆಲಸಗಾರರೊಬ್ಬರು ದೂರು ತಂದಿದ್ದರು. ನಲವತ್ತರ ಆಸುಪಾಸಿನವರು, ಹುಟ್ಟಿನಿಂದ ಕಿವುಡರು. ಬಣ್ಣದ ತೊಟ್ಟಿಯಿಂದ ಬಟ್ಟೆ ಎತ್ತಿ ಹಿಂಡುವ ಕೆಲಸ. ಎರಡೂ ಅಂಗೈಗಳ ಚರ್ಮ ಸುಲಿದು ಈರುಳ್ಳಿ ಸಿಪ್ಪೆಯಂತಾಗಿತ್ತು. ಚಿಕಿತ್ಸೆ ಪೂರ್ತಿ ಮಾಡಿಸಿ, ಬೇರೆ ವಿಭಾಗಕ್ಕೆ ಹಾಕಿ ಎಂಬುದಷ್ಟೇ ಅವರ ಕೋರಿಕೆ. ಕಂಪನಿಯ ಪರವಾಗಿ ಬಂದ ಮ್ಯಾನೇಜರ್ ತಣ್ಣಗೆ ಮಾತಾಡುವವರು. ಆಸ್ಪತ್ರೆಗೆ ಒಮ್ಮೆ ಕಳಿಸಿದ್ದೇವೆ, ಮುಲಾಮು ಕೊಡಿಸಿದ್ದೇವೆ ಎಂದೆಲ್ಲ ಹೇಳಿ ಕೊನೆಗೆ, "ಅಲ್ಲಿಗೆ ಈ ವಿಷಯದಿಂದ ನಾವು ಕೈ ತೊಳೆದುಕೊಂಡೆವು ಸರ್" ಅಂದರು.

ಮೇಡಂ ಅಂದು ಬೆಳಗಿನಿಂದ ಮೂರು ವಿಚಾರಣೆ ಮುಗಿಸಿ ನಿಂತಿದ್ದರು. ನಡುವೆ ಒಂದು ಲೋಟ ನೀರೂ ಕುಡಿದಿರಲಿಲ್ಲ. ಮಾತು ಕಿವಿಗೆ ಬಿದ್ದ ಹಾಗೆಯೇ ಕೈಗಿಳಿಯಿತು: ಎರಡು ಅಂಗೈಗಳನ್ನು ಒಂದಕ್ಕೊಂದು ಉಜ್ಜಿ, ನೀರಿನ ಕೆಳಗೆ ಹಿಡಿದಂತೆ ತೋರಿಸಿಬಿಟ್ಟರು.

ಕೆಲಸಗಾರರ ಮುಖ ಕೆಂಪಗಾಯಿತು. ಅವರ ಕೈಗಳು ಎಷ್ಟು ಬಿರುಸಾಗಿ ಓಡಿದವೆಂದರೆ ಮೇಡಂ ಅರ್ಧ ಕ್ಷಣ ಹಿಂದೆ ಬಿದ್ದರು. ಆಮೇಲೆ ಅವರ ಮಾತನ್ನು ತಮ್ಮ ಬಾಯಿಂದ ಹೇಳಿದರು: "ಎಲ್ಲಿ ತೊಳೆದುಕೊಂಡರು ಇವರು? ನಮ್ಮ ವಿಭಾಗದಲ್ಲಿ ನಲ್ಲಿ ಎಲ್ಲಿದೆ? ಎರಡು ವರ್ಷದಿಂದ ಒಂದು ಹನಿ ನೀರಿಲ್ಲ. ನಾವು ಕೈ ಒರೆಸಿಕೊಳ್ಳೋದು ಗೋಣಿಚೀಲಕ್ಕೆ."

ನನ್ನ ಬೆರಳುಗಳು ಕೀಲಿಗಳ ಮೇಲೆ ನಿಂತವು. ದೂರಿನಲ್ಲಿ ಎಲ್ಲೂ ನಲ್ಲಿಯ ಮಾತೇ ಇರಲಿಲ್ಲ. ಬಣ್ಣದಿಂದ ಚರ್ಮ ಹೋಯಿತು ಎಂದಿತ್ತೇ ಹೊರತು, ಬಣ್ಣ ತೊಳೆಯಲು ನೀರಿಲ್ಲ ಎಂದು ಯಾರೂ ಬರೆದಿರಲಿಲ್ಲ. ಅದು ದಿನಾ ಕಾಣುವ ಸಂಗತಿ, ಅದನ್ನೇನು ಹೇಳುವುದು ಎಂದು ಆ ಮನುಷ್ಯ ಸುಮ್ಮನಿದ್ದರಂತೆ.

ಮೇಡಂಗೆ ತಮ್ಮ ಕೈ ಮಾಡಿದ ಎಡವಟ್ಟು ಆಗ ಹೊಳೆಯಿತು. ಬೇರೆಯವರಾಗಿದ್ದರೆ ಬಾಯಿಗೆ ಬೀಗ ಹಾಕಿಕೊಂಡು ಕೂರುತ್ತಿದ್ದರೇನೋ, ಹೇಗೂ ಬಡವನಿಗೆ ಒಳ್ಳೆಯದೇ ಆಗುತ್ತಿತ್ತಲ್ಲ. ಅವರು ಹಾಗೆ ಮಾಡಲಿಲ್ಲ. ಅಧಿಕಾರಿಗಳ ಕಡೆ ತಿರುಗಿ, ಮ್ಯಾನೇಜರ್ ಹೇಳಿದ್ದು ಮಾತಿನ ವರಸೆ, ತಾನು ಅದನ್ನು ನಿಜವಾದ ಕೈ ತೊಳೆಯುವಿಕೆಯಾಗಿ ದಾಟಿಸಿದ್ದೇನೆ, ತಪ್ಪು ತನ್ನದು ಎಂದು ಹೇಳಿದರು. ಮ್ಯಾನೇಜರ್ ಕೂಡಲೇ ಎದ್ದು, ಹಾಗಾದರೆ ಆ ಉತ್ತರವನ್ನು ಕಡತದಿಂದ ತೆಗೆಯಬೇಕು ಎಂದರು.

ನಮ್ಮ ಅಧಿಕಾರಿಗಳು ಹೆಚ್ಚು ಮಾತಿನವರಲ್ಲ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಅನುವಾದ ತಪ್ಪಿರಬಹುದು. ನಲ್ಲಿ ಇದೆಯೋ ಇಲ್ಲವೋ ಅನ್ನೋದು ಅನುವಾದದ ವಿಷಯ ಅಲ್ವಲ್ಲ" ಅಂದರು. ಎರಡು ವಾರದೊಳಗೆ ಸ್ಥಳ ತಪಾಸಣೆಗೆ ಆದೇಶವಾಯಿತು. ಮೇಡಂ ಒಪ್ಪಿಕೊಂಡ ತಪ್ಪನ್ನೂ ನಾನು ಟೈಪ್ ಮಾಡಿದೆ.

ಅವತ್ತು ಅವರು ಮುಖ ಸಪ್ಪಗೆ ಮಾಡಿಕೊಂಡು ಮನೆಗೆ ಹೋದರು. ಅಡುಗೆಮನೆಯ ಮೇಜಿನ ಮುಂದೆ ಕೂತು ಅಮ್ಮನಿಗೆ ನಡೆದದ್ದನ್ನೆಲ್ಲ ಹೇಳಿದರು, ಕೈಯಲ್ಲೇ. ಬಾಯಿಮಾತಿನ ಆ ವರಸೆಯ ಅರ್ಥ ಹೀಗೆ, ಗೊತ್ತಿದ್ದೂ ತನಗೆ ಸಂಬಂಧವೇ ಇಲ್ಲ ಅನ್ನುವ ಹಾಗೆ ದೂರ ಸರಿಯುವುದು ಎಂದು ವಿವರಿಸಿದರು. ಅಮ್ಮ ತರಕಾರಿ ಹೆಚ್ಚುವುದನ್ನು ನಿಲ್ಲಿಸಿ, ಅದಕ್ಕೆ ನಮ್ಮಲ್ಲಿ ಸನ್ನೆ ಇದೆಯಲ್ಲ, ಅದನ್ನೇ ಹಾಕಬೇಕಿತ್ತು ಎಂದರು. ಮಾಡಿಯೂ ತೋರಿಸಿದರು: ಗಲ್ಲ ಎತ್ತಿ ಮುಖವನ್ನು ಒಂದು ಪಕ್ಕಕ್ಕೆ ತಿರುಗಿಸುವುದು, ಇನ್ನೊಂದು ಪಕ್ಕಕ್ಕೆ ಕೈ ಚಾಚಿ ಬೆರಳ ತುದಿಯಿಂದ ಏನನ್ನೋ ಕೊಡವುವುದು.

ಆ ಸನ್ನೆ ಮೇಡಂಗೆ ಹೊಸದಲ್ಲ. ಸೋರುವ ಮಾಡು ರಿಪೇರಿ ಮಾಡಿಸದ ಮನೆ ಮಾಲೀಕನಿಗೆ, ಬಿದ್ದ ಹಾಲು ನೋಡಿಯೂ ದಾಟಿ ಹೋದ ಅಣ್ಣನಿಗೆ ಅಮ್ಮ ಅದನ್ನೇ ಹಾಕುತ್ತಿದ್ದರು. ಆದರೆ ಅದರಲ್ಲಿ ಕೈ ತೊಳೆಯುವುದು ಅಡಗಿದೆ ಎಂದು ಮಗಳಿಗೆ ಐವತ್ತು ವರ್ಷದಲ್ಲಿ ಒಮ್ಮೆಯೂ ಹೊಳೆದಿರಲಿಲ್ಲ. ಕೊಡವುತ್ತಿದ್ದುದು ಧೂಳನ್ನಲ್ಲ, ನೀರನ್ನು.

ಇದು ಎಲ್ಲಿಂದ ಬಂತು ಎಂದು ಕೇಳಿದರು. ಶಾಲೆಯ ಊಟದ ಮನೆಯ ಗೋಡೆಯಿಂದ ಎಂದರು ಅಮ್ಮ, ಅದರಲ್ಲಿ ಕೇಳುವುದೇನಿದೆ ಅನ್ನುವ ಮುಖದಲ್ಲಿ.

ಅಮ್ಮ ಓದಿದ್ದು ಕಾನ್ವೆಂಟಿನ ಸಿಸ್ಟರ್‌ಗಳು ನಡೆಸುತ್ತಿದ್ದ ಕಿವುಡ ಹುಡುಗಿಯರ ವಸತಿ ಶಾಲೆಯಲ್ಲಿ. ಅಲ್ಲಿ ಕೈಮಾತಿಗೆ ಅವಕಾಶವಿರಲಿಲ್ಲ. ತುಟಿಯ ಮುಂದೆ ಕಾಗದದ ಚೂರು ಹಿಡಿದು, ಅದು ಅಲುಗುವಂತೆ 'ಪ' ಹೇಳಿಸುತ್ತಿದ್ದರು, ಅಲುಗದಂತೆ 'ಮ' ಹೇಳಿಸುತ್ತಿದ್ದರು. ಕೈ ಎತ್ತಿದರೆ ಬೆರಳ ಗೆಣ್ಣಿಗೆ ಅಡಿಕೋಲು. ಊಟದ ಮನೆಯಲ್ಲಿ ಮಾತ್ರ ಒಬ್ಬರೇ ಸಿಸ್ಟರ್ ಕಾವಲು, ಅವರ ಕಣ್ಣು ತಪ್ಪಿಸಿ ಹುಡುಗಿಯರು ಮೇಜಿನ ಅಂಚಿನಲ್ಲಿ ಕೈಯಾಡಿಸುತ್ತಿದ್ದರು. ಗೋಡೆಯ ಸುತ್ತ ಬಣ್ಣದ ಚಿತ್ರಗಳು. ಒಂದರಲ್ಲಿ ಎತ್ತರದ ಕುರ್ಚಿಯಲ್ಲಿ ಕೂತ ದೊಡ್ಡ ಮನುಷ್ಯ, ಆಳು ಅವನ ಕೈಗೆ ನೀರು ಹಾಕುತ್ತಿದ್ದಾನೆ, ಅವನ ಮುಖ ಮಾತ್ರ ಎಲ್ಲೋ ತಿರುಗಿದೆ. ಅವನು ಯಾರೆಂದು ಯಾರಿಗೂ ಗೊತ್ತಿರಲಿಲ್ಲ. ಊಟ ರುಚಿಯಿಲ್ಲವೆಂದು ಅಡುಗೆಯವನ ಮೇಲೆ ಮುನಿಸಿಕೊಂಡು ಎದ್ದಿದ್ದಾನೆ ಎಂಬುದು ಹುಡುಗಿಯರ ತೀರ್ಮಾನ. ಆದರೂ ಆ ಮುಖ ನೋಡಿದರೆ ವಿಷಯ ತಿಳಿಯುತ್ತಿತ್ತು ಎಂದರು ಅಮ್ಮ. ಅವನಿಗೆ ಎಲ್ಲ ಗೊತ್ತು, ಗೊತ್ತಿಲ್ಲದವನ ಹಾಗೆ ಕೂತಿದ್ದಾನೆ.

ಮೇಡಂ ತಲೆಗೆ ಹುಳ ಬಿಟ್ಟ ಹಾಗಾಯಿತು. ಮಾರನೆಯ ದಿನ ಮಧ್ಯಾಹ್ನದ ಊಟದ ಹೊತ್ತಿನಲ್ಲಿ ಕಚೇರಿಯ ಮೆಟ್ಟಿಲ ಮೇಲೆ ಕೂತು ನನಗೆ ಇದನ್ನು ಹೇಳಿದರು. ಅವರದು ದೇವರು ದಿಂಡರು ಅಂತ ಯಾವ ಕಡೆಗೂ ಹೆಚ್ಚು ಹೋಗದ ಮನೆ. ನಾನೂ ಬೈಬಲ್ ತೆರೆದವಳಲ್ಲ. ಆದರೂ ಕೈ ತೊಳೆದವನ ಕಥೆ ಅದರಲ್ಲಿದೆ ಎಂದು ಎಲ್ಲೋ ಕೇಳಿದ್ದೆ, ಹೇಳಿದೆ. ಸಂಜೆ ಅವರು ಸಾರ್ವಜನಿಕ ಗ್ರಂಥಾಲಯಕ್ಕೆ ಹೋಗಿ ಇಟ್ಟಿಗೆಯಷ್ಟು ದಪ್ಪದ ಪುಸ್ತಕ ಎರವಲು ತಂದರು. ಯೇಸುವಿನ ಸಾವಿನ ತೀರ್ಪಿಗೆ ಒಪ್ಪಿಗೆ ಕೊಡುವಾಗ ಆ ಸೀಮೆಯ ಅಧಿಪತಿ ಜನರ ಮುಂದೆ ನೀರು ತರಿಸಿ ಕೈ ತೊಳೆದ ಭಾಗ ಸಿಕ್ಕಿತು. ಅಡುಗೆಯವನ ಸುಳಿವಿರಲಿಲ್ಲ.

ಅಲ್ಲಿಂದ ಅಮ್ಮ ದಿನಾ ಬಳಸುವ ಒಂದೊಂದು ಸನ್ನೆಯನ್ನೂ ಅವರು ಹಿಡಿದು ನಿಲ್ಲಿಸಿ ಕೇಳತೊಡಗಿದರು. ಅಂಗೈ ನಡುವೆ ತೋರುಬೆರಳು ಚುಚ್ಚಿದರೆ 'ನಂಬಲ್ಲ, ತೋರಿಸು' ಅಂತ ಅರ್ಥ. ಹೋಂವರ್ಕ್ ಆಯಿತು ಎಂದಾಗಲೆಲ್ಲ ಮಕ್ಕಳು ಕಂಡ ಸನ್ನೆ ಅದು. ಗುರು ಯೇಸುವಿನ ಕೈಯ ಗಾಯದಲ್ಲಿ ಬೆರಳಿಟ್ಟು ನೋಡಿದ ಹೊರತು ಒಪ್ಪುವುದಿಲ್ಲ ಎಂದ ಶಿಷ್ಯನ ಚಿತ್ರವಾಗಿತ್ತು ಅದರ ಮೂಲ. ಹುಡುಗಿಯರು, ಕೈಗೆ ಹೊಕ್ಕ ಮುಳ್ಳು ತೆಗೆಯುತ್ತಿದ್ದಾನೆ ಅಂದುಕೊಂಡಿದ್ದರು. ಬೆರಳುಗಳ ತುದಿ ಸೇರಿಸಿ ಕೆನ್ನೆಗೆ ಮುಟ್ಟಿಸಿದರೆ ನಂಬಿಸಿ ಮೋಸ ಮಾಡುವವನು. ಮುತ್ತಿಟ್ಟು ಗುರುವನ್ನು ಹಿಡಿದುಕೊಟ್ಟವನ ಚಿತ್ರದ್ದು ಅದು. ಇದನ್ನು ಕೇಳಿ ಅಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕರಂತೆ. ಅಮ್ಮ ಮನೆ ಮಾಲೀಕನನ್ನು ಆ ಸನ್ನೆಯಿಂದಲೇ ಕರೆಯುತ್ತಿದ್ದರು. ಆತನಿಗೆ ಯಾವಾಗಲೂ ಹಲ್ಲುನೋವು ಎಂದು ಅಣ್ಣ ಹನ್ನೆರಡು ವರ್ಷ ನಂಬಿದ್ದರು. ಒಂದು ಸಲ ಲವಂಗವನ್ನೂ ಕೊಟ್ಟು ಬಂದಿದ್ದರು.

ಅಮ್ಮನ ಹೆಸರಿನದು ಇನ್ನೊಂದು ಒಗಟು. ಕಿವಿ ಕೇಳದವರು ಒಬ್ಬೊಬ್ಬರಿಗೂ ಒಂದು ಸನ್ನೆಯ ಹೆಸರು ಇಟ್ಟುಕೊಳ್ಳುತ್ತಾರೆ. ಅಪ್ಪ ಅಮ್ಮನನ್ನು ಕರೆಯುತ್ತಿದ್ದದ್ದು ಮೊಣಕೈಯಿಂದ ಮೇಲಕ್ಕೆ ಕೈ ನೆಟ್ಟಗೆ ಎತ್ತಿ, ಅಂಗೈಯನ್ನು ಮುಂದಕ್ಕೆ ಬಾಗಿಸಿ: ಉದ್ದ ಕತ್ತು. ಅಮ್ಮನದು ಭುಜಕ್ಕೇ ಅಂಟಿದಂಥ ಗಿಡ್ಡ ಕತ್ತು. ಅಪ್ಪನ ತಮಾಷೆ ಎಂದೇ ಮಕ್ಕಳು ತಿಳಿದಿದ್ದರು. ಕೇಳಿದರೆ, ತಾನು ಊಟದ ಮನೆಯಲ್ಲಿ ಪ್ರಾಣಿಗಳು ತುಂಬಿದ ದೋಣಿಯ ಚಿತ್ರದ ಕೆಳಗೆ ಕೂರುತ್ತಿದ್ದೆ, ದೋಣಿಯ ಮೇಲೆ ಜಿರಾಫೆ ಕತ್ತು ಹಾಕಿ ನೋಡುತ್ತಿತ್ತು, ಹುಡುಗಿಯರು ಅದನ್ನೇ ಹೆಸರು ಮಾಡಿದರು ಎಂದರು. ಪ್ರಳಯದಲ್ಲಿ ಪ್ರಾಣಿಗಳನ್ನು ಉಳಿಸಿದ ಆ ದೋಣಿಯ ಕಥೆಯನ್ನು ಮಗಳ ಕೈಯಿಂದ ಮೊದಲ ಬಾರಿ ತಿಳಿದಾಗ ಅವರಿಗೆ ಎಪ್ಪತ್ತಮೂರು ವರ್ಷ. ಅದುವರೆಗೆ ಅದನ್ನು ಸರ್ಕಸ್ ಕಂಪನಿ ಊರು ಬದಲಾಯಿಸುವ ಚಿತ್ರ ಅಂದುಕೊಂಡಿದ್ದರು.

ಆ ಹುಚ್ಚು ನನಗೂ ಅಂಟಿತು. ಹಳೆಯ ಹೇಳಿಕೆಗಳನ್ನು ತಿರುವಿ ಹಾಕುವಾಗ ಮೆಟ್ಟಿಲ ಮೇಲೆ ಕೇಳಿದ ಕಥೆಗಳು ಇಣುಕತೊಡಗಿದವು. 'ನನ್ನನ್ನು ಬಲಿಪಶು ಮಾಡಿದ್ದಾರೆ' ಎಂಬುದನ್ನು ಒಂದೇ ತಿಂಗಳಲ್ಲಿ ಎಂಟು ಸಲ ಟೈಪ್ ಮಾಡಿದ್ದೆ. ಆ ಪುಸ್ತಕದಲ್ಲಿ ಎರಡು ಮೇಕೆಗಳಿವೆ, ಒಂದನ್ನು ಬಲಿ ಕೊಡುತ್ತಾರೆ, ಇನ್ನೊಂದರ ತಲೆಗೆ ಊರಿನ ತಪ್ಪನ್ನೆಲ್ಲ ಹೊರಿಸಿ ಕಾಡಿಗೆ ಅಟ್ಟುತ್ತಾರೆ ಎಂದು ಮೇಡಂ ಹೇಳಿದರು. ಹಾಗಾದರೆ ನಮ್ಮ ಕೋಣೆಗೆ ಬರುವವರೆಲ್ಲ ಆ ಎರಡನೆಯ ಮೇಕೆ ಎಂದೆ. 'ಹನ್ನೊಂದನೇ ಗಂಟೆಯಲ್ಲಿ ಆದೇಶ ಬದಲಾಯಿಸಿದರು' ಎಂಬುದರ ಹಿಂದೆ ದ್ರಾಕ್ಷಿ ತೋಟದ ಕೂಲಿಯವರಿದ್ದರು: ಬೆಳಗಿನಿಂದ ದುಡಿದವರಿಗೂ ಹನ್ನೊಂದನೇ ತಾಸಿಗೆ, ದಿನ ಮುಗಿಯುವ ಹೊತ್ತಿಗೆ ಬಂದವರಿಗೂ ಯಜಮಾನ ಒಂದೇ ಕೂಲಿ ಕೊಡುತ್ತಾನೆ, ಮೊದಲು ಬಂದವರು ಗೊಣಗುತ್ತಾರೆ. ಅದು ಶುದ್ಧ ನಮ್ಮ ಕೋಣೆಯ ಕೇಸು. ಅಧಿಕಾರಿಗಳಿಗೆ ಹೇಳಿದಾಗ, ನಮ್ಮಲ್ಲಿಗೆ ಬಂದಿದ್ದರೆ ಮೂರು ವರ್ಷ ಎಳೆಯುತ್ತಿತ್ತು ಎಂದರು. ಬಸ್ ನಿಲ್ದಾಣದ ಸಾಬೂನಿನ ಜಾಹೀರಾತಿನಲ್ಲಿ ಹೆಂಗಸು, ಹಾವು, ಸೇಬು. ನಾಲ್ಕು ವರ್ಷ ಅದರ ಕೆಳಗೇ ಬಸ್ಸಿಗೆ ಕಾದಿದ್ದೆ. ಮೊದಲ ಹೆಂಗಸು ಹಾವಿನ ಮಾತು ಕೇಳಿ ತಿಂದದ್ದು ಸೇಬು ಎಂದು ಆ ಪುಸ್ತಕದಲ್ಲಿ ಎಲ್ಲೂ ಇಲ್ಲ, ಬರೀ ಹಣ್ಣು ಎಂದಿದೆ ಎಂದು ಮೇಡಂ ಬೆರಳಿಟ್ಟು ತೋರಿಸಿದಾಗ ಯಾರೋ ಮೋಸ ಮಾಡಿದಂತೆ ಅನಿಸಿತು. ಅಣ್ಣ ಬಸ್ಸಿನ ರೇಡಿಯೋದಲ್ಲಿ ಕೇಳಿದ್ದನ್ನು ತಂದು ಒಪ್ಪಿಸುತ್ತಿದ್ದರು: ಚಿಕ್ಕ ತಂಡ ದೊಡ್ಡ ತಂಡವನ್ನು ಸೋಲಿಸಿದಾಗಲೆಲ್ಲ ಆಟದ ವರದಿಯವರು ಅದೇ ಪುಸ್ತಕದ ಕವಣೆ ಹಿಡಿದ ಹುಡುಗನನ್ನೂ ದೈತ್ಯನನ್ನೂ ಎಳೆದು ತರುತ್ತಾರೆ.

ಮೇಡಂ ಮಾತ್ರ ಎಲ್ಲವನ್ನೂ ಅಲ್ಲಿಗೇ ಕಟ್ಟುತ್ತಿರಲಿಲ್ಲ. ಬಲಿಪಶು ಅನ್ನುವುದು ನಮ್ಮದೇ ಹಳೆಯ ಮಾತು, ಈಗಿನ ಅರ್ಥಕ್ಕೆ ಆ ಕಡೆಯ ಗಾಳಿ ಬೀಸಿರಬಹುದು ಅಷ್ಟೆ ಎನ್ನುತ್ತಿದ್ದರು. ಕೈ ತೊಳೆಯುವುದು ಎಲ್ಲ ಮನೆಯಲ್ಲೂ ಇದೆ, ಆ ಮಾತು ತಾನಾಗಿಯೂ ಹುಟ್ಟಬಹುದು. ಅಮ್ಮನ ಸನ್ನೆಯ ಬಗ್ಗೆ ಮಾತ್ರ ಅವರಿಗೆ ಖಾತ್ರಿ ಬೇಕಿತ್ತು. ಒಂದು ಶನಿವಾರ ಅಮ್ಮನನ್ನು ಕರೆದುಕೊಂಡು ಆ ಶಾಲೆಗೆ ಹೊರಟರು. ನಾನೂ ಹೋದೆ.

ಶಾಲೆ ಮುಚ್ಚಿ ಕಾಲವಾಗಿತ್ತು. ಕಟ್ಟಡದಲ್ಲಿ ಅಂಚೆ ಚೀಲಗಳನ್ನು ವಿಂಗಡಿಸುವ ಕಚೇರಿ. ಊಟದ ಮನೆಯ ಗೋಡೆಗೆ ತಿಳಿಹಸಿರು ಬಣ್ಣ ಬಳಿದು ಉದ್ದಕ್ಕೂ ಕಬ್ಬಿಣದ ಗೂಡುಗಳನ್ನು ನಿಲ್ಲಿಸಿದ್ದರು. ಅಮ್ಮ ಹೆಜ್ಜೆ ಎಣಿಸಿಕೊಂಡು ಹೋಗಿ ಒಂದು ಕಡೆ ನಿಂತು, ಇಲ್ಲಿ ದೋಣಿ ಎಂದರು. ಅಲ್ಲಿದ್ದ ಗುಮಾಸ್ತರು ಸಿಸ್ಟರ್‌ಗಳಲ್ಲಿ ಒಬ್ಬರು ಪಕ್ಕದ ಬೀದಿಯ ವೃದ್ಧಾಶ್ರಮದಲ್ಲಿದ್ದಾರೆ ಎಂದು ದಾರಿ ತೋರಿಸಿದರು.

ಸಿಸ್ಟರ್‌ಗೆ ತೊಂಬತ್ತು ದಾಟಿತ್ತು. ಬಿಸಿಲಿಗೆ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಮೊದಲು ಅಮ್ಮನ ಗುರುತು ಹತ್ತಲಿಲ್ಲ, ಆಮೇಲೆ ಕಿಟಕಿ ಸಾಲಿನ ಹುಡುಗಿ ಎಂದು ನೆನಪಾಯಿತು. ಚಿತ್ರಗಳ ವಿಷಯ ಕೇಳಿದಾಗ ಅವರ ಮುಖ ಅರಳಿತು. ತಗಡಿನ ಕೊಳವೆಯಲ್ಲಿ ಸುತ್ತಿ ಬಂದಿದ್ದ ಇಪ್ಪತ್ತು ಬೈಬಲ್ ಚಿತ್ರಗಳು. ಕೆಳಗೆ ವಿವರಣೆ ಅಚ್ಚಾಗಿತ್ತು, ಚೌಕಟ್ಟಿಗೆ ಹಿಡಿಸಲಿಲ್ಲವೆಂದು ಚೌಕಟ್ಟು ಹಾಕಿದವನು ಅದನ್ನು ಕತ್ತರಿಸಿಬಿಟ್ಟ. ಆದರೂ ವಾರಕ್ಕೊಂದು ಕಥೆಯನ್ನು ತಾವೇ ನಿಧಾನವಾಗಿ, ತುಟಿ ಕಾಣುವಂತೆ ಹೇಳುತ್ತಿದ್ದೆವು, ಮಕ್ಕಳು ತಲೆಯಾಡಿಸುತ್ತಿದ್ದರು ಎಂದರು. ಮಗಳ ಕೈಯಿಂದ ಇದನ್ನು ತಿಳಿದ ಅಮ್ಮ, ತಲೆಯಾಡಿಸಿದ ಮೇಲೇ ಊಟ ಬಡಿಸುತ್ತಿದ್ದರಲ್ಲ ಎಂದರು.

ಆ ಚಿತ್ರಗಳಿಂದ ಹುಡುಗಿಯರು ಸನ್ನೆ ಮಾಡಿಕೊಂಡಿದ್ದರು ಎಂದು ಮೇಡಂ ಹೇಳಿದಾಗ ಸಿಸ್ಟರ್, ಯಾವ ಯಾವ ಸನ್ನೆ, ತೋರಿಸಲು ಹೇಳಿ ಎಂದರು. ಅಮ್ಮ ಒಂದೊಂದಾಗಿ ಮಾಡುತ್ತಾ ಹೋದರು, ಸಿಸ್ಟರ್ ಪರೀಕ್ಷೆಗೆ ಕೂತವರಂತೆ ಊಹಿಸುತ್ತಾ ಹೋದರು. ಅಡುಗೆಯವನ ಮೇಲಿನ ಮುನಿಸಿನ ಕಥೆ ಕೇಳಿ ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ಹೊರೆಗೆ ಅಮ್ಮನ ಹತ್ತಿರ ಎರಡು ಸನ್ನೆಗಳಿದ್ದವು. ಭುಜಕ್ಕೆ ಮರದ ದಿಮ್ಮಿ ಹೊತ್ತು ಬಾಗುವುದು: ಬೇರೆಯವರು ಹೇರಿದ ಕಷ್ಟ. ಅದು ಶಿಲುಬೆ ಎಂದು ಸಿಸ್ಟರ್ ಕೂಡಲೇ ಹೇಳಿದರು. ಇನ್ನೊಂದು, ತಲೆಯ ಮೇಲೆ ಎರಡು ಕೈಯಲ್ಲಿ ಏನನ್ನೋ ಹಿಡಿದು ನೆಟ್ಟಗೆ ನಡೆಯುವುದು: ತಾನಾಗಿ ಹೊತ್ತುಕೊಂಡ ಕಷ್ಟ. ಗಂಡ ತೀರಿಕೊಂಡ ಮೇಲೆ ಮಕ್ಕಳನ್ನು ಬೆಳೆಸಿದ್ದನ್ನು ಅಮ್ಮ ಯಾವಾಗಲೂ ಇದರಿಂದಲೇ ಹೇಳುತ್ತಿದ್ದರು. ತಲೆಯ ಮೇಲೆ ದೊಡ್ಡ ಮೀನು ಹೊತ್ತ ಹೆಂಗಸಿನ ಚಿತ್ರ ಎಂದು ವಿವರಿಸಿದರು. ಸಿಸ್ಟರ್ ಹಣೆ ನೀವಿಕೊಂಡರು. ಬೈಬಲ್ಲಿನಲ್ಲಿ ಅಂಥ ಹೆಂಗಸು ಯಾರೂ ನೆನಪಿಗೆ ಬರಲಿಲ್ಲ. ತುಂಬಾ ಹೊತ್ತಿನ ಮೇಲೆ, ಅಡುಗೆಮನೆ ಬಾಗಿಲ ಪಕ್ಕ ಮೀನಿನ ಬಲೆ ಮಾರುವ ಅಂಗಡಿಯವರು ಕೊಟ್ಟ ಒಂದು ಕ್ಯಾಲೆಂಡರ್ ಇತ್ತು ಎಂದರು.

ಹೊರಡುವಾಗ ಅವರು ಮೇಡಂ ಕೈ ಹಿಡಿದುಕೊಂಡು ಹೇಳಿದರು: "ನಾವು ಇವರಿಗೆ ಮಾತು ಕಲಿಸ್ತಿದ್ವಿ ಅಂದ್ಕೊಂಡಿದ್ವಿ. ಇವರು ನಮ್ಮ ಬೆನ್ನ ಹಿಂದೆ ಒಂದು ಭಾಷೆಯನ್ನೇ ಮಾಡ್ಕೊಂಡಿದ್ರು ನೋಡಿ. ಅಡಿಕೋಲು ಹಿಡಿದಿದ್ದವರಲ್ಲಿ ನಾನೂ ಒಬ್ಬಳು ಅಂತ ನಿಮ್ಮ ಅಮ್ಮಂಗೆ ಹೇಳಿ." ಮೇಡಂ ಹೇಳಿದರು. ನನಗೆ ಗೊತ್ತು ಎಂದರು ಅಮ್ಮ, ಸಿಸ್ಟರ್ ಅವರ ಭುಜ ತಟ್ಟಿ ಗೇಟಿನ ಕಡೆ ನಡೆದರು.

ಮುಂದಿನ ವಿಚಾರಣೆಗೆ ತಪಾಸಣೆಯ ವರದಿ ಬಂತು. ವಿಭಾಗದಲ್ಲಿ ಫಳಫಳ ಹೊಳೆಯುವ ಹೊಸ ನಲ್ಲಿ ಇತ್ತು. ತಿರುಗಿಸಿದರೆ ನೀರಿಲ್ಲ. ಗೋಡೆಯ ಆಚೆ ಅದರ ಪೈಪು ಯಾವುದಕ್ಕೂ ಸೇರಿರಲಿಲ್ಲ. ಮ್ಯಾನೇಜರ್ ಅದನ್ನು ಗುತ್ತಿಗೆದಾರರ ತಲೆಗೆ ಕಟ್ಟಿದರು. ವಿಚಾರಣೆ ಶುರುವಾಗುವ ಮೊದಲೇ ಮೇಡಂ ಪಡಸಾಲೆಯಲ್ಲಿ ದೂರು ತಂದ ಕೆಲಸಗಾರರನ್ನು ಕಂಡು, ಹೊಣೆಯಿಂದ ಜಾರಿಕೊಳ್ಳುವುದಕ್ಕೆ ನಿಮ್ಮ ಕಡೆ ಏನು ಸನ್ನೆ ಎಂದು ಕೇಳಿ ಇಟ್ಟುಕೊಂಡಿದ್ದರು. ಅವರು ಬೇರೆ ಶಾಲೆಯವರು, ಅವರದು ಅಂಗಿಯ ತೋಳು ಕೊಡವಿ ಹಿಂದೆ ಸರಿಯುವುದು. ಮೇಡಂ ಅಂದು ಅದನ್ನೇ ಬಳಸಿದರು. ಬಣ್ಣ ಹಾಕುವ ಮೂರೂ ವಿಭಾಗಗಳಿಗೆ ನೀರಿನ ವ್ಯವಸ್ಥೆ, ಪೂರ್ತಿ ಚಿಕಿತ್ಸೆ, ಪ್ಯಾಕಿಂಗ್ ವಿಭಾಗಕ್ಕೆ ವರ್ಗ ಎಂದು ಆದೇಶವಾಯಿತು.

ಆಮೇಲೆ ಕಿವುಡರ ಸಂಘದ ಹಾಲ್‌ನಲ್ಲಿ ತಿಂಗಳಿಗೊಂದು ಮಧ್ಯಾಹ್ನ ಹಳಬರು ಸೇರಿ ತಮ್ಮ ತಮ್ಮ ಶಾಲೆಯ ಸನ್ನೆಗಳನ್ನು ಕ್ಯಾಮೆರಾದ ಮುಂದೆ ಮಾಡಿ ತೋರಿಸುವುದು ಶುರುವಾಯಿತು. ಅಮ್ಮನೇ ಅಲ್ಲಿ ಯಜಮಾನಿ. ಬೆಳಕು ಸರಿಯಿಲ್ಲ, ಕೈ ಮೇಲೆತ್ತು ಎಂದು ಎಲ್ಲರನ್ನೂ ಗದರುತ್ತಿದ್ದರು. ಮನೆಯಲ್ಲಿ ಮಗಳು ಆ ದಪ್ಪ ಪುಸ್ತಕದಿಂದ ದಿನಕ್ಕೊಂದು ಕಥೆಯನ್ನು ಕೈಯಲ್ಲಿ ಹೇಳುತ್ತಿದ್ದರು. ಅಮ್ಮ ಕಥೆಯ ನಡುನಡುವೆ ಪ್ರಶ್ನೆ ಕೇಳುತ್ತಲೇ ಇದ್ದರು.

ಒಂದು ದಿನ ನಾನೂ ಅಲ್ಲಿದ್ದೆ. ಇಷ್ಟು ದೊಡ್ಡ ಪುಸ್ತಕದಲ್ಲಿ ನಮ್ಮಂಥವರು ಯಾರೂ ಇಲ್ಲವೇ ಎಂದು ಅಮ್ಮ ಕೇಳಿದರು. ಮೇಡಂ ಪುಟ ತಿರುವಿ ಹುಡುಕಿದರು. ಕಿವಿ ಕೇಳದ, ಮಾತು ತೊದಲುವ ಒಬ್ಬನನ್ನು ಜನ ಯೇಸುವಿನ ಬಳಿ ಕರೆತರುತ್ತಾರೆ. ಯೇಸು ಅವನನ್ನು ಗುಂಪಿನಿಂದ ಪಕ್ಕಕ್ಕೆ ಕರೆದೊಯ್ದು, ಅವನ ಕಿವಿಯಲ್ಲಿ ಬೆರಳಿಟ್ಟು, ನಾಲಿಗೆ ಮುಟ್ಟಿ, ಆಕಾಶದ ಕಡೆ ನೋಡಿ ನಿಟ್ಟುಸಿರು ಬಿಟ್ಟು, ಆಮೇಲೆ ಒಂದು ಮಾತು ಆಡಿದ, ಕಿವಿ ತೆರೆಯಿತು. ಮೇಡಂ ಇಷ್ಟನ್ನೂ ಹಾಗೆ ಹಾಗೆಯೇ ಮಾಡಿ ತೋರಿಸಿದರು. ಅಮ್ಮ ಇನ್ನೊಂದು ಸಲ ಮಾಡು ಎಂದರು. ಎರಡನೆಯ ಸಲ ಕಣ್ಣು ಮಿಟುಕಿಸದೆ ನೋಡಿದರು. ಆಮೇಲೆ ಅವರ ಕೈಗಳು ನಿಧಾನವಾಗಿ ಆಡಿದವು. ಮೇಡಂ ನನಗಾಗಿ ಅದನ್ನು ಬಾಯಲ್ಲಿ ಹೇಳಿದರು:

"ಕಿವಿ, ನಾಲಿಗೆ, ಮೇಲೆ. ಏನು ಮಾಡ್ತೀನಿ ಅಂತ ಅವನಿಗೆ ಮೊದಲು ಕೈಯಲ್ಲೇ ಹೇಳಿದ್ದಾನಲ್ಲ. ನಮ್ಮ ಸಿಸ್ಟರ್‌ಗಳು ಈ ಪುಟ ಓದಿರಲಿಲ್ವಾ?"